ಗಂಟೆಗೆ ಎಷ್ಟು

ಔಷಧಿ ಅಂಗಡಿಯ ಬಿಲ್ಲಿನ ಬೆನ್ನ ಮೇಲೆ
ಪೆನ್ಸಿಲ್ಲಿನಲ್ಲಿ ಬರೆಯುತ್ತಾ ಕೂತಿದ್ದೇನೆ:
ಹಾಲು, ಸೂಪಿಗೆ ಕುಂಬಳ, ಒಂದು ಹಿಡಿ ಅಕ್ಕಿ,
ಸೋಪು, ಹೀಟರಿನ ಕರೆಂಟು.
ಜನವರಿಯಲ್ಲಿ ಈ ಪೆನೀಶಿನ ಗೋಡೆಗಳೂ ಬೆವರುತ್ತವೆ,
ಮಗುವಿನ ಅಂಗಿ ಎರಡು ದಿನಕ್ಕೂ ಒಣಗುವುದಿಲ್ಲ.
ಇಷ್ಟು ಸುಲಭ. ಕೂಡಿದರೆ ಕೂಡುತ್ತದೆ.

ಲುದೊವೀನಾ ನಾಳೆ ಐದೂವರೆಗೆ ಬರುತ್ತಾಳೆ,
ಮೀನು ಡಬ್ಬಿಯ ಕಾರ್ಖಾನೆಯ ಸೈರನ್ನಿಗೆ ಮುಂಚೆ,
ಒಂದು ಮಗು ಕಂಕುಳಲ್ಲಿ, ಒಂದು ಕೈಯಲ್ಲಿ.
"ದೋನ ಗ್ರಸಿಯೇತಿ, ಇವತ್ತಾದರೂ ಹೇಳಿಬಿಡಿ, ಗಂಟೆಗೆ ಎಷ್ಟು?"
ಮೂರು ವಾರದಿಂದ ಕೇಳುತ್ತಿದ್ದಾಳೆ.
ಮೂರು ವಾರದಿಂದ ನಾನು "ನೋಡೋಣ ಬಿಡು" ಎನ್ನುತ್ತಿದ್ದೇನೆ.
ನಮ್ಮಂಥವರ ಬಾಯಲ್ಲಿ ನೋಡೋಣ ಅಂದರೆ
ನಾಚಿಕೆ ಅಂತ ಅರ್ಥ.

ಅವಳಿಗೆ ಸಿಗುವುದು ಗಂಟೆಗೆ ಐದು ಯೂರೋ, ಮೂವತ್ತು ಸೆಂಟು.
ನನಗೆ ಗೊತ್ತಿಲ್ಲದ್ದೇ? ಇಪ್ಪತ್ತಾರು ವರ್ಷ
ಅದೇ ಬೆಂಚಿನಲ್ಲಿ ಸಾರ್ಡೀನಿನ ತಲೆ ತೆಗೆದವಳು ನಾನು,
ಮಂಡಿ ಹೋಗುವವರೆಗೆ.
ನಾನು ಮೂರು ತೆಗೆದುಕೊಂಡರೆ
ಎರಡು ಮೂವತ್ತಕ್ಕೆ ಅವಳು ದಿನವಿಡೀ
ಉಪ್ಪುನೀರಲ್ಲಿ ನಿಂತ ಹಾಗಾಯಿತು.
ಎರಡು ತೆಗೆದುಕೊಂಡರೆ
ಆ ಹೀಟರು ನನ್ನನ್ನೇ ತಿನ್ನುತ್ತದೆ.
ಇಬ್ಬರಿಗೆ ಎರಡು ಪಟ್ಟೇ?
ದೊಡ್ಡವನು ದುವಾರ್ತ್ ತಂಗಿಯನ್ನು ಆಡಿಸುವ ಪರಿಗೆ
ಅವನಿಗೆ ನಾನೇ ಕೊಡಬೇಕಾದೀತು.
ಮಗು ಮಲಗಿದ ಹೊತ್ತಿಗೆ ಅರ್ಧ ದರವೇ?
ಮಲಗಿದ ಮಗುವನ್ನು ಕಾಯುವವಳು ಮಲಗಿರುತ್ತಾಳೆಯೇ?

ಮೇಲಿನ ಬೀದಿಯ ಎರ್ಮೆಲಿಂದಾ ನಾಲ್ಕು ಕೇಳುತ್ತಾಳಂತೆ.
ಜ್ವರ ಬಂದ ಮಗು ಬಾಗಿಲಿಂದಲೇ ವಾಪಸಂತೆ,
ಹತ್ತು ನಿಮಿಷ ತಡವಾದರೆ ಅರ್ಧ ಗಂಟೆಯ ದುಡ್ಡಂತೆ.
ಕಲ್ಲೆದೆ ಅಂತ ಬೈಯುತ್ತಿದ್ದೆ.
ಪೆನ್ಸಿಲ್ಲು ಕೈಗೆ ಬಂದ ಮೇಲೆ ಅಷ್ಟೊಂದು ಬೈಯಲಾಗುತ್ತಿಲ್ಲ.

ನನ್ನ ಜಸಿಂತು ಹುಟ್ಟಿದಾಗ
ಕೆಳಮನೆಯ ಕುಸ್ತೋದಿಯಾ ಅವನನ್ನು ನೋಡಿಕೊಂಡಳು,
ನಾಲ್ಕು ವರ್ಷ. ಎಷ್ಟು ಅಂತ ನಾನು ಕೇಳಲಿಲ್ಲ,
ಇಷ್ಟು ಅಂತ ಅವಳು ಅನ್ನಲಿಲ್ಲ.
ಶನಿವಾರಕ್ಕೊಂದು ಪೊಟ್ಟಣ ಸಾರ್ಡೀನು ಕೊಟ್ಟು ಬರುತ್ತಿದ್ದೆ,
ಹೊಟ್ಟೆ ಒಡೆದವು, ಡಬ್ಬಿಗೆ ಸಲ್ಲದವು.
ಅವಳಿಗೆ ಮೀನು ಸೇರುತ್ತಿರಲಿಲ್ಲ
ಎಂದು ಅವಳ ಶವದ ಪೆಟ್ಟಿಗೆಯ ಪಕ್ಕ ಯಾರೋ ಹೇಳಿದರು.
ಆಗ ನೆನಪಾಯಿತು,
ಆ ಓಣಿಯ ಬೆಕ್ಕುಗಳೆಲ್ಲ ಎಷ್ಟು ದುಂಡಗಿದ್ದವು.

ಆ ಬಾಕಿಯನ್ನು ಯಾರ ಹೆಸರಿಗೆ ಬರೆಯಲಿ?

ಇನ್ನೊಂದಿದೆ, ಅದಕ್ಕೆ ಈ ಬಿಲ್ಲಿನಲ್ಲಿ ಜಾಗವಿಲ್ಲ.
ಹೋದ ಗುರುವಾರ ಹನ್ನೊಂದರ ಹೊತ್ತಿಗೆ
ಚಿಕ್ಕವಳು, ನೊಯೇಮಿಯಾ, ಕುರ್ಚಿಯ ಕಾಲು ಬಿಟ್ಟಳು.
ಒಂದು. ಎರಡು.
ಮೂರನೆಯದಕ್ಕೆ ನನ್ನ ಏಪ್ರನ್ನಿಗೆ ಜೋತುಬಿದ್ದಳು.
ಚಪ್ಪಾಳೆ ತಟ್ಟಲು ಎತ್ತಿದ ಕೈ
ಅಲ್ಲೇ ನಿಂತಿತು.
ದುವಾರ್ತನಿಗೆ ಬಿಸ್ಕತ್ತು ಕೊಟ್ಟು ಬಾಯಿ ಮುಚ್ಚಿಸಿದೆ.
ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ
ಲುದೊವೀನಾ ಓಡಿಬಂದು ತೋಳು ಹಿಡಿದಳು:
"ನಡೆದಳು! ನಿನ್ನೆ ಸಂಜೆ ನಡೆದಳು, ನನ್ನ ಕಡೆಗೇ!"
"ಹೌದೇ?" ಅಂದೆ, ಕಣ್ಣರಳಿಸಿ. "ಎಷ್ಟು ಹೆಜ್ಜೆ?"

ಆ ಸುಳ್ಳಿಗೆ ಎರ್ಮೆಲಿಂದಾ ಎಷ್ಟು ಹಾಕುತ್ತಿದ್ದಳೋ.

ಎರಡೂಮುಕ್ಕಾಲು ಅಂತ ಬರೆದೆ. ಅಳಿಸಿದೆ.
ಮೂರು ಅಂತ ಬರೆದೆ, ಇಬ್ಬರಿಗೂ ಸೇರಿ.
ಕತ್ತಲೆಯ ಅಡುಗೆಮನೆಯಲ್ಲಿ ಒಮ್ಮೆ ಜೋರಾಗಿ ಹೇಳಿ ನೋಡಿದೆ:
"ಮೂರು."
ಯಾರದೋ ದನಿಯಂತೆ ಕೇಳಿತು.
ಸ್ವಲ್ಪ ಮೆಲ್ಲಗೆ, ಬಾಗಿಲ ಕಡೆ ತಿರುಗಿ, ಇನ್ನೊಮ್ಮೆ:
"ಮೂರು. ಸೂಪು ಸೇರಿ.
ಜ್ವರವಿದ್ದರೂ ಕರೆದುಕೊಂಡು ಬಾ.
ಮೀನು ಮಾತ್ರ ತರಬೇಡ."